ಕೊಂಬೆಯೂ ಅಕ್ಷರವೂ ಒಂದೇ ಕುಂಚದವು

ಚೀನಾದ ಶಾಯಿಚಿತ್ರದಲ್ಲಿ ಪ್ಲಮ್ ಹೂವಿನ ಪಕ್ಕದ ಬರಹವನ್ನು ನಾವು ಅಡಿಬರಹವೆಂದುಕೊಂಡು ಮುಂದೆ ಹೋಗಿಬಿಡುತ್ತೇವೆ. ವಾಂಗ್ ಮಿಯಾನ್‌ನ ‘ಶಾಯಿಯ ಪ್ಲಮ್’ ಎದುರು ಹಾಗೆ ಹೋಗಲು ಮನಸ್ಸು ಬಾರದು. 1359ರಲ್ಲಿ ತೀರಿಕೊಂಡ ಈ ಕಲಾವಿದನ ಚಿತ್ರ ಬೀಜಿಂಗ್‌ನ ಅರಮನೆ ವಸ್ತುಸಂಗ್ರಹಾಲಯದಲ್ಲಿದೆ. ಅಡ್ಡಕ್ಕೆ ಚಾಚಿದ ಒಂದು ಕೊಂಬೆ, ಅಷ್ಟೇ. ದಳಗಳಿಗೆ ಅಂಚುಗೆರೆಯಿಲ್ಲ, ತೆಳು ಶಾಯಿಯಲ್ಲಿ ಕುಂಚ ಒತ್ತಿ ಎತ್ತಿದಲ್ಲೆಲ್ಲ ಒಂದು ದಳ. ಗಾಢ ಶಾಯಿ ಕೇಸರಕ್ಕೆ ಮೀಸಲು. ಮೇಲೆ ಅವನದೇ ಕೈಯ ಪದ್ಯ.

ಪ್ಲಮ್ ಮರ ಚಳಿಯಲ್ಲಿ, ಎಲೆ ಚಿಗುರುವ ಮೊದಲೇ ಹೂ ಬಿಡುತ್ತದೆ. ಹಾಗಾಗಿ ಬರಿಗೊಂಬೆಯ ಗೆರೆಗೆ ಮರೆಯಿಲ್ಲ. ಎಲ್ಲಿ ಕುಂಚ ತಡೆದು ನಿಂತಿತು, ಎಲ್ಲಿ ಒಣಗಿ ಓಡಿತು, ಎಲ್ಲವೂ ಕಾಣುತ್ತದೆ. ಬರವಣಿಗೆಯಲ್ಲಿ ಪಳಗದ ಕೈಗೆ ಆ ಕೊಂಬೆ ಒಲಿಯದು. ಬಂಡೆ, ಮರ, ಬಿದಿರು ಬರೆಯಲು ಲಿಪಿಯ ಹೊಡೆತಗಳೇ ಬೇಕೆಂದು ಝಾವೊ ಮೆಂಗ್‌ಫು (1254–1322) ತನ್ನ ಚಿತ್ರವೊಂದಕ್ಕೆ ಬರೆದೇ ಇಟ್ಟಿದ್ದಾನೆ.

1165ರಲ್ಲಿ ಯಾಂಗ್ ವೂಜಿಯು ಬರೆದ ಸುರುಳಿಯೂ ದೊಡ್ಡ ಕೃತಿಯೇ: ಮೊಗ್ಗಿನಿಂದ ಉದುರುವವರೆಗೆ ಹೂವಿನ ನಾಲ್ಕು ಅವಸ್ಥೆ, ಜೊತೆಗೆ ಪದ್ಯಗಳು. ಆದರೂ ನನಗೆ ವಾಂಗ್ ಮಿಯಾನ್ ಹೆಚ್ಚು. ಅವನಲ್ಲಿ ಪದ್ಯ ಮತ್ತು ಕೊಂಬೆ ಒಂದೇ ಖಾಲಿ ಜಾಗವನ್ನು ಹಂಚಿಕೊಂಡು ಉಸಿರಾಡುತ್ತವೆ. ಆ ಖಾಲಿ ಜಾಗದ ಬೆಲೆ ತಿಳಿಯದೆಯೇ ಚಿಯೆನ್‌ಲೊಂಗ್ ದೊರೆ ಹಳೆಯ ಚಿತ್ರಗಳ ಮೇಲೆ ತನ್ನ ಪದ್ಯ, ಮುದ್ರೆಗಳನ್ನು ತುಂಬಿದ; ಅದು ಅಭಿಮಾನವಿರಬಹುದು, ಚಿತ್ರಕ್ಕಂತೂ ಹಾನಿ.

ನಮ್ಮಲ್ಲಿ ಈ ನಂಟು ಬೆಳೆಯಲಿಲ್ಲ. ಕಬ್ಬಿಣದ ಕಂಟದಿಂದ ತಾಳೆಗರಿಯಲ್ಲಿ ಕೊರೆದ ಕನ್ನಡ ಅಕ್ಷರಕ್ಕೆ ಕುಂಚದ ದಪ್ಪ-ತೆಳುವಿನ ಏರಿಳಿತ ಎಲ್ಲಿಂದ ಬರಬೇಕು? ಕೊಡೈಕನಾಲನ್ನು ನೀರುಬಣ್ಣದಲ್ಲಿ ತಂದ ನಮ್ಮ ಕೆ. ವೆಂಕಟಪ್ಪ, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯ. ಅವನೀಂದ್ರನಾಥರ ‘ವಾಶ್’ ಪದ್ಧತಿ, 1903ರಲ್ಲಿ ಅಲ್ಲಿಗೆ ಬಂದ ಜಪಾನಿನ ತೈಕಾನ್, ಶುನ್ಸೊ ಅವರ ಕೆಲಸ ನೋಡಿ ಹುಟ್ಟಿದ್ದು. ಹೀಗೆ ಪೂರ್ವದೇಶದ ಮಂಜು ನಮ್ಮ ಚಿತ್ರಕ್ಕೆ ಬಂತು, ಬರವಣಿಗೆ ಬರಲಿಲ್ಲ. ವೆಂಕಟಪ್ಪನವರ ಸಂಯಮದ ಮೇಲೆ ನನಗೆ ಅಪಾರ ಗೌರವ. ಅಷ್ಟು ಹದವಾದ ಕೈ ಕನ್ನಡದ ಅಕ್ಷರವನ್ನೂ ಕುಂಚದಲ್ಲಿ ಹಿಡಿದು ಚಿತ್ರದೊಳಕ್ಕೆ ಕರೆತಂದಿದ್ದರೆ ನಮ್ಮ ಕಲೆಗೆ ಇನ್ನೊಂದು ದಾರಿಯೇ ತೆರೆಯುತ್ತಿತ್ತು.