12ರ ಲೆಕ್ಕ

ನಿವೃತ್ತಿಗೆ ಇನ್ನು ಮೂರು ವರ್ಷವಿದೆ ಎನ್ನುವಾಗ ಮಗ ಒಂದು ಡಿಜಿಟಲ್ ಕ್ಯಾಮೆರಾ ತಂದುಕೊಟ್ಟ. ರೀಲಿನ ಖರ್ಚಿಲ್ಲ, ತೊಳೆಸುವ ಗೋಜಿಲ್ಲ. ಶಾಲಾ ವಾರ್ಷಿಕೋತ್ಸವದ ಒಂದೇ ಸಂಜೆ 400 ಚಿತ್ರ ತೆಗೆದುಬಿಟ್ಟೆ! ಮನೆಗೆ ಬಂದು ನೋಡಿದರೆ ಮಕ್ಕಳೆಲ್ಲ ನನ್ನನ್ನೇ ನೋಡಿ ಹಲ್ಲು ಕಿರಿದಿದ್ದರು.

ಆಗ ನೆನಪಾದದ್ದು ಹೋಮಾಯಿ ವ್ಯಾರಾವಾಲಾ ಅವರ ಚಿತ್ರಗಳು. ನಮ್ಮ ದೇಶದ ಮೊದಲ ಪತ್ರಿಕಾ ಛಾಯಾಗ್ರಾಹಕಿ ಎಂದು ಹೆಸರಾದ ಅವರಿಗೆ 2011ರಲ್ಲಿ ಪದ್ಮವಿಭೂಷಣ ಬಂತು. ಅವರು ಬಳಸುತ್ತಿದ್ದ ರೋಲಿಫ್ಲೆಕ್ಸ್ ಕ್ಯಾಮೆರಾದಲ್ಲಿ ಒಂದು ಸುರುಳಿಗೆ 12 ಚಿತ್ರ, ಅಷ್ಟೆ. ವಿಮಾನ ನಿಲ್ದಾಣದಲ್ಲಿ ನೆಹರೂ ತಂಗಿ ವಿಜಯಲಕ್ಷ್ಮಿ ಪಂಡಿತರನ್ನು ತಬ್ಬಿಕೊಂಡಿರುವ ಚಿತ್ರ ನೋಡಿ. ಅಲ್ಲಿ ಪ್ರಧಾನಿ ಕಾಣುವುದಿಲ್ಲ, ಅಣ್ಣ ಕಾಣುತ್ತಾನೆ. ಅಣ್ಣತಂಗಿಯರು ಕ್ಯಾಮೆರಾವನ್ನೇ ಮರೆತ ಕ್ಷಣಕ್ಕೆ ಆಕೆ ಕಾದಿದ್ದಾರೆ.

ಒಂದು ಕೊರತೆಯನ್ನೂ ಹೇಳಬೇಕು. ಅವರ ಹೆಸರಾಂತ ಚಿತ್ರಗಳಲ್ಲಿ ಹೆಚ್ಚಿನವು ದೆಹಲಿಯ ದೊಡ್ಡವರವು. ನಮ್ಮಂಥವರ ತಾಯಂದಿರ ಚಿತ್ರ ಯಾರು ತೆಗೆದಾರು? ನನ್ನ ಅಮ್ಮ ತೀರಿಕೊಂಡಾಗ ಹುಡುಕಿದರೆ ಸಿಕ್ಕಿದ್ದು ಮದುವೆಮನೆಯ ಗುಂಪು ಚಿತ್ರಗಳೇ. ಎಲ್ಲದರಲ್ಲೂ ಬಿಗಿದ ಮುಖ. ಜಗಲಿಯಲ್ಲಿ ಕೂತು ಹೂ ಕಟ್ಟುವ ಅಮ್ಮ ಒಂದರಲ್ಲೂ ಇಲ್ಲ.

ಆ ಚಿತ್ರಗಳನ್ನು ತೆಗೆಯಬೇಕಾದವರು ನಾವೇ. ಈಗ ನಾನೂ ದಿನಕ್ಕೆ 12ರ ಲೆಕ್ಕ ಇಟ್ಟುಕೊಂಡಿದ್ದೇನೆ. ಮೊನ್ನೆ ಅತ್ತೆಯವರು ಅವರೆಕಾಯಿ ಸುಲಿಯುತ್ತಿದ್ದರು. ಅರ್ಧ ಗಂಟೆ ಕಾದು ಒಂದೇ ಒಂದು ತೆಗೆದೆ. "ಬೇರೆ ಕೆಲಸವಿಲ್ಲವೇನಮ್ಮ ನಿನಗೆ?" ಎಂದರು. ಆ ಚಿತ್ರದಲ್ಲಿ ಅತ್ತೆಯವರು ನನ್ನನ್ನು ನೋಡುತ್ತಿಲ್ಲ. ಕಾಯಿಯೊಳಗಿನ ಹುಳು ನೋಡುತ್ತಿದ್ದಾರೆ.