ಜಯಾಳ ಮೌನ

ನಮ್ಮಲ್ಲಿ ಗಂಡ ಕುಡಿಯುವುದಿಲ್ಲ, ಹೊಡೆಯುವುದಿಲ್ಲ, ಸಂಬಳ ತಂದು ಕೈಗೆ ಕೊಡುತ್ತಾನೆ ಎಂದರೆ ಮುಗಿಯಿತು. ‘ನಿನಗೇನಮ್ಮ ಕೊರತೆ?’ ಎನ್ನುವವರೇ ಎಲ್ಲ. ಶಶಿ ದೇಶಪಾಂಡೆಯವರ ‘ದಟ್ ಲಾಂಗ್ ಸೈಲೆನ್ಸ್’ ಈ ಪ್ರಶ್ನೆಗೆ ಉತ್ತರ ಹೇಳಲಾಗದೆ ಕೂತವಳ ಕಥೆ. ಲೇಖಕಿ ಧಾರವಾಡದಲ್ಲಿ ಹುಟ್ಟಿದವರು, ನಾಟಕಕಾರ ಶ್ರೀರಂಗರ ಮಗಳು, ಬರೆದದ್ದು ಇಂಗ್ಲಿಷಿನಲ್ಲಿ. 1988ರ ಈ ಕಾದಂಬರಿಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಭಾಷೆ ಇಂಗ್ಲಿಷಾದರೂ ಮಾತು ನುಂಗುವ ರೀತಿ ನಮ್ಮದೇ.

ಮುಂಬಯಿಯ ಜಯಾಗೆ ಮದುವೆಯಾಗಿ 17 ವರ್ಷ. ಗಂಡ ಮೋಹನನ ಮೇಲೆ ಕಚೇರಿಯಲ್ಲಿ ಅವ್ಯವಹಾರದ ಆರೋಪ ಬಂದು, ಇಬ್ಬರೂ ದಾದರಿನ ಹಳೆಯ ಫ್ಲ್ಯಾಟಿನಲ್ಲಿ ದಿನ ತಳ್ಳುತ್ತಾರೆ. ಮಕ್ಕಳು ಸ್ನೇಹಿತರ ಜೊತೆ ಪ್ರವಾಸ ಹೋಗಿದ್ದಾರೆ. ಇಬ್ಬರೇ ಎದುರುಬದುರು ಕೂತಾಗ ಮಾತನಾಡಲು ಏನೂ ಇಲ್ಲವೆಂದು ತಿಳಿಯುತ್ತದೆ. ಮಕ್ಕಳು ಹಾಸ್ಟೆಲಿಗೆ ಹೋದ ಮೇಲೆ, ಯಜಮಾನರು ನಿವೃತ್ತರಾದ ಮೇಲೆ ಎಷ್ಟು ಮನೆಗಳಲ್ಲಿ ಹೀಗಾಗುವುದಿಲ್ಲ! ನಡುವಯಸ್ಸಿನವಳು ಸಿಡುಕಿದರೆ ‘ಆ ವಯಸ್ಸೇ ಹಾಗೆ’ ಎಂದುಬಿಡುತ್ತೇವೆ. ದೇಹದ ಕಾರಣ ಇಲ್ಲವೆನ್ನಲಾರೆ. ಆದರೆ ನುಂಗಿದ ಮಾತುಗಳ ಲೆಕ್ಕ ಇಟ್ಟವರು ಯಾರು?

ಜಯಾ ಕಥೆ ಬರೆಯುವವಳು. ಒಂದು ಕಥೆಗೆ ಬಹುಮಾನ ಬಂದಾಗ, ಜನ ಇದು ನಮ್ಮದೇ ಸಂಸಾರ ಎಂದುಕೊಳ್ಳುತ್ತಾರೆಂದು ಮೋಹನ ನೊಂದುಕೊಂಡ. ಬೈಯಲಿಲ್ಲ, ನೊಂದುಕೊಂಡ, ಅಷ್ಟೆ. ಕೊನೆಗೆ ಅವಳು ‘ಸೀತಾ’ ಎಂಬ ಹಗುರ ಅಂಕಣ ಬರೆಯುವವಳಾದಳು. ಎಲ್ಲವನ್ನೂ ಗಂಡನ ತಲೆಗೆ ಕಟ್ಟಿ ಲೇಖಕಿ ಸುಮ್ಮನಾಗಬಹುದಿತ್ತು. ಸೋಲುವ ಭಯಕ್ಕೆ ತಾನೇ ಅವನನ್ನು ನೆಪ ಮಾಡಿಕೊಂಡೆನೆಂದು ಜಯಾ ಕಂಡುಕೊಳ್ಳುವುದೇ ನನಗೆ ಈ ಕಾದಂಬರಿಯ ಹೆಚ್ಚುಗಾರಿಕೆ. ನಮ್ಮ ಸ್ಟಾಫ್ ರೂಮಿನ ಗೆಳತಿಯೊಬ್ಬರಿಗೆ ಇದೇ ಹಿಡಿಸಲಿಲ್ಲ. ‘ಕೊನೆಗೂ ತಪ್ಪು ಹೆಂಗಸಿನದೇ ಆಯಿತಲ್ಲ’ ಎಂದರು. ನಾನು ಒಪ್ಪಲಿಲ್ಲ. ಮೋಹನನನ್ನು ರಾಕ್ಷಸನನ್ನಾಗಿ ಮಾಡಿದ್ದರೆ, ರಾಕ್ಷಸರಲ್ಲದ ಗಂಡಂದಿರ ಜೊತೆ ಬಾಳುವ ನಮಗೆ ಈ ಪುಸ್ತಕದಿಂದ ಏನು ಸಿಗುತ್ತಿತ್ತು?

ನನ್ನ ತಕರಾರು ಬೇರೆ. ಮನೆಗೆಲಸದ ಜೀಜಾಳ ಗಂಡ ಕುಡುಕ, ಇನ್ನೊಂದು ಮದುವೆ ಮಾಡಿಕೊಂಡವನು. ಸವತಿಯ ಮಗನನ್ನು ಸಾಕಿದವಳು ಇವಳೇ. ಅವನೂ ಕುಡುಕನಾದ. ಅವನ ಹೆಂಡತಿ ಶಾಪ ಹಾಕಿದರೆ, ಹಣೆಯ ಕುಂಕುಮ ನೆನಪಿಸಿ ಬಾಯಿ ಮುಚ್ಚಿಸುವವಳೂ ಇದೇ ಜೀಜಾ. ಕಥೆ ಹೇಳುವವಳು ಜಯಾ, ಅವಳಿಗೆ ಕಂಡಷ್ಟೇ ನಮಗೆ ಕಾಣುವುದು, ನಿಜ. ಆದರೂ ಜೀಜಾಳ ಮೌನದ ಬಾಗಿಲಲ್ಲೇ ನಿಂತು ಹಿಂದಿರುಗಿದಂತಾಯಿತು.

ಮಾತಿಗೆ ಮಾತು ಬೆಳೆದು ಮನೆಬಿಟ್ಟು ಹೋದ ಮೋಹನ ಕೊನೆಯಲ್ಲಿ, ಎಲ್ಲ ಸರಿಯಾಗಿದೆ, ಬರುತ್ತೇನೆ ಎಂದು ತಂತಿ ಕಳಿಸುತ್ತಾನೆ. ಇನ್ನು ಸುಮ್ಮನಿರುವುದಿಲ್ಲವೆಂದು ಜಯಾ ನಿರ್ಧರಿಸುತ್ತಾಳೆ. ಅವನು ಹೊಸ್ತಿಲು ದಾಟುವ ಮೊದಲೇ ಕಾದಂಬರಿ ನಿಲ್ಲುತ್ತದೆ. ಅವಳ ಮೊದಲ ಮಾತು ಯಾವುದು? ಅವನು ಪೇಪರು ಬಿಡಿಸಿ ಕೂತಾಗಲೋ, ಊಟಕ್ಕೆ ಬಡಿಸುವಾಗಲೋ? ನನಗೆ ಬೇಕಿದ್ದದ್ದು ಆ ಒಂದು ಪುಟ.