ಹೊರಗಿನ ಹಗೆ, ಒಳಗಿನ ಬೇಲಿ: ‘ಫ್ಯಾಮಿಲಿ ಮ್ಯಾಟರ್ಸ್’ ಕಾದಂಬರಿ

ರೋಹಿಂಟನ್ ಮಿಸ್ತ್ರಿಯವರ ಇಂಗ್ಲಿಷ್ ಕಾದಂಬರಿ ‘ಫ್ಯಾಮಿಲಿ ಮ್ಯಾಟರ್ಸ್’ 2002ರಲ್ಲಿ ಪ್ರಕಟವಾಗಿ ಅದೇ ವರ್ಷ ಬೂಕರ್ ಪ್ರಶಸ್ತಿಯ ಅಂತಿಮ ಪಟ್ಟಿ ಸೇರಿತು. ಮಿಸ್ತ್ರಿ 1952ರಲ್ಲಿ ಮುಂಬೈಯ ಪಾರ್ಸಿ ಕುಟುಂಬದಲ್ಲಿ ಹುಟ್ಟಿ, 1975ರಲ್ಲಿ ಕೆನಡಾಕ್ಕೆ ಹೋಗಿ ನೆಲೆಸಿದವರು. ಕಥೆ ನಡೆಯುವುದು 1990ರ ದಶಕದ ನಡುಭಾಗದ ಮುಂಬೈಯಲ್ಲಿ. 1992ರ ಡಿಸೆಂಬರ್ ಮತ್ತು 1993ರ ಜನವರಿಯ ಹಿಂದೂ-ಮುಸ್ಲಿಂ ಗಲಭೆಗಳಲ್ಲಿ ನಗರದ ಸುಮಾರು 900 ಮಂದಿ ಸತ್ತರೆಂದೂ ಅವರಲ್ಲಿ 575 ಮಂದಿ ಮುಸ್ಲಿಮರೆಂದೂ ಅವುಗಳ ತನಿಖೆ ನಡೆಸಿದ ಶ್ರೀಕೃಷ್ಣ ಆಯೋಗ ದಾಖಲಿಸಿದೆ. ಕಾದಂಬರಿ ಆ ಗಲಭೆಯನ್ನು ಕಣ್ಣೆದುರು ನಡೆಸುವುದಿಲ್ಲ. ಅದರಿಂದ ಬದುಕಿ ಉಳಿದವರ ನಡುವೆ ಶುರುವಾಗುತ್ತದೆ.

ಕೇಂದ್ರದಲ್ಲಿರುವುದು ಒಂದು ಪಾರ್ಸಿ ಕುಟುಂಬ. ಪಾರ್ಕಿನ್ಸನ್ ಕಾಯಿಲೆಯ ನಿವೃತ್ತ ಪ್ರಾಧ್ಯಾಪಕ ನರಿಮನ್ ವಕೀಲ್ ಕಾಲು ಮುರಿದುಕೊಂಡಾಗ, ಮಲಮಗಳು ಕೂಮಿ ಅವನನ್ನು ಅವನ ಸ್ವಂತ ಮಗಳು ರೊಕ್ಸಾನಾಳ ಇಕ್ಕಟ್ಟಾದ ಮನೆಗೆ ಸಾಗಹಾಕುತ್ತಾಳೆ. ಗಲಭೆಯ ಬೆಂಕಿ ಈ ಮನೆಯನ್ನು ಮುಟ್ಟಿಲ್ಲ. ಆದರೆ ಮತದ ಕಟ್ಟು ಇದನ್ನು ಬಹಳ ಹಿಂದೆಯೇ ಒಡೆದಿದೆ. ಗೋವಾ ಮೂಲದ ಕ್ರೈಸ್ತ ಹುಡುಗಿ ಲೂಸಿಯನ್ನು ಪ್ರೀತಿಸಿದ ನರಿಮನ್‌ಗೆ ಹೆತ್ತವರು ಅಡ್ಡಬಂದು, ಇಬ್ಬರು ಮಕ್ಕಳಿದ್ದ ಪಾರ್ಸಿ ವಿಧವೆಯೊಂದಿಗೆ ಮದುವೆ ಮಾಡಿಸಿದ್ದರು. ಆ ಸಂಸಾರ ಲೂಸಿ ಮತ್ತು ಹೆಂಡತಿ ಇಬ್ಬರ ಸಾವಿನಲ್ಲಿ ಕೊನೆಗೊಂಡಿತು. ಕೂಮಿಯ ಆರದ ದ್ವೇಷದ ಮೂಲ ಅಲ್ಲಿದೆ.

ಹೊರಗಿನ ಹಿಂಸೆ ಕಥೆಯೊಳಗೆ ಬರುವುದು ರೊಕ್ಸಾನಾಳ ಗಂಡ ಯೆಜಾದ್ ಕೆಲಸ ಮಾಡುವ ಕ್ರೀಡಾಸಾಮಗ್ರಿಯ ಅಂಗಡಿಯ ಮೂಲಕ. ಮಾಲೀಕ ಕಪೂರ್ ವಿಭಜನೆಯಲ್ಲಿ ನೆಲೆ ಕಳೆದುಕೊಂಡು ಬಂದ ಪಂಜಾಬಿ ಹಿಂದೂ ಮನೆತನದವನು. ಜವಾನ ಹುಸೇನ್ ಗಲಭೆಯಲ್ಲಿ ಹೆಂಡತಿ ಮಕ್ಕಳನ್ನು ಕಳೆದುಕೊಂಡವನು. ಅಂಗಡಿಯ ಹೆಸರಿನಲ್ಲಿದ್ದ ‘ಬಾಂಬೆ’ಯನ್ನು ತೆಗೆಯಬೇಕೆಂಬ ಒತ್ತಾಯ ಬೆಳೆದು ಕಪೂರನ ಕೊಲೆಯಾಗುತ್ತದೆ. ನಗರದ ಅಧಿಕೃತ ಹೆಸರು 1995ರಲ್ಲಿ ಬಾಂಬೆಯಿಂದ ಮುಂಬೈ ಎಂದು ಬದಲಾಯಿತು ಎಂಬುದನ್ನು ನೆನೆದರೆ ಈ ಘಟನೆಯ ಹಿನ್ನೆಲೆ ತಿಳಿಯುತ್ತದೆ.

ಕೊಲೆಯಿಂದ ಕೆಲಸವನ್ನೂ ನೆಮ್ಮದಿಯನ್ನೂ ಕಳೆದುಕೊಂಡ ಯೆಜಾದ್ ಪಾರ್ಸಿಗಳ ಅಗ್ನಿಮಂದಿರವಾದ ಅಗಿಯಾರಿಯಲ್ಲಿ ಆಸರೆ ಹುಡುಕುತ್ತಾನೆ. ಆಸರೆ ಮೆಲ್ಲಗೆ ಮಡಿಯಾಗಿ, ಮಡಿ ಹಠವಾಗಿ ಬೆಳೆಯುತ್ತದೆ. ಪಾರ್ಸಿಯಲ್ಲದ ಹುಡುಗಿಯೊಡನೆ ಹಿರಿಯ ಮಗ ಮುರಾದ್ ಸ್ನೇಹ ಬೆಳೆಸಿದಾಗ, ಮಾವನ ಬದುಕನ್ನು ಹಾಳುಗೆಡವಿದ ಅದೇ ನಿಷೇಧವನ್ನು ಯೆಜಾದ್ ಮತ್ತೆ ಹೇರುತ್ತಾನೆ. ಸಮುದಾಯ ಕರಗಿಹೋಗುವ ಭಯಕ್ಕೆ ಆಧಾರವಿಲ್ಲದಿಲ್ಲ: ಭಾರತದ ಪಾರ್ಸಿಗಳ ಸಂಖ್ಯೆ 2001ರ ಜನಗಣತಿಯಲ್ಲಿ 69,601 ಇದ್ದದ್ದು 2011ರಲ್ಲಿ 57,264ಕ್ಕೆ ಇಳಿದಿದೆ. ಭಯ ನಿಜವಾಗಿದ್ದರೂ ಅದರ ದಂಡ ತೆರುವವರು ಮನೆಯ ಮಕ್ಕಳು ಎಂಬುದನ್ನು ಮಿಸ್ತ್ರಿ ಯಾರನ್ನೂ ಖಳನನ್ನಾಗಿಸದೆ ತೋರಿಸುತ್ತಾರೆ. ಕೊನೆಯ ಭಾಗವನ್ನು ಕಿರಿಯ ಮಗ ಜಹಾಂಗೀರನ ಬಾಯಲ್ಲಿ ಹೇಳಿಸಿರುವುದು ಇದಕ್ಕೆ ಒದಗಿಬಂದಿದೆ. ತಂದೆಯ ಬದಲಾವಣೆಯನ್ನು ಪ್ರೀತಿ, ಗಾಬರಿ ಎರಡರಿಂದಲೂ ಅವನು ಗಮನಿಸುತ್ತಾನೆ.

ಕೃತಿಯ ದೌರ್ಬಲ್ಯ ಕಾಣುವುದು ಹುಸೇನನಲ್ಲಿ. ಎಲ್ಲರಿಗಿಂತ ಹೆಚ್ಚು ಕಳೆದುಕೊಂಡ ಅವನಿಗೆ ಕಾದಂಬರಿಯಲ್ಲಿ ಅಂಗಡಿಯ ಮೂಲೆಯಷ್ಟೇ ಜಾಗ. ಅವನ ದುಃಖ ಓದುಗರಿಗೆ ತಲುಪುವುದು ಹೆಚ್ಚಾಗಿ ಮಾಲೀಕನ ಕರುಣೆಯ ಮೂಲಕ. ಸಯೀದ್ ಅಖ್ತರ್ ಮಿರ್ಜಾ ಅವರ ‘ನಸೀಮ್’ (1995) ಚಿತ್ರ ಇದಕ್ಕೆ ವಿರುದ್ಧವಾದ ದಾರಿ ಹಿಡಿಯುತ್ತದೆ. ಅಲ್ಲಿ ಮುಂಬೈಯ ಮುಸ್ಲಿಂ ಮನೆಯೇ ಕೇಂದ್ರ. ಕೈಫಿ ಆಜ್ಮಿ ನಟಿಸಿದ ಅಜ್ಜ ಮೊಮ್ಮಗಳಿಗೆ ಹೇಳುವ ಹಳೆಯ ದಿನಗಳ ಕಥೆಗಳ ನಡುವೆ ಟಿವಿಯ ಅಯೋಧ್ಯೆ ಸುದ್ದಿ ನುಗ್ಗುತ್ತದೆ, ಅಲ್ಲಿನ ಬಾಬರಿ ಮಸೀದಿ ಉರುಳಿ ಈ ಗಲಭೆಗಳಿಗೆ ಕಿಡಿ ಹೊತ್ತಿದ ದಿನವೇ ಅಜ್ಜ ತೀರಿಕೊಳ್ಳುತ್ತಾನೆ. ತಲೆಮಾರಿನ ನಡುವಿನ ನಂಬಿಕೆ ಹೇಗೆ ಕಡಿಯುತ್ತದೆ ಎಂಬುದು ಚಿತ್ರದಲ್ಲಿ ಮನೆಯೊಳಗಿನಿಂದಲೇ ಕಾಣುತ್ತದೆ.

ದಾಳಿಗೆ ಗುರಿಯಾದ ಮನೆಯ ಚಿತ್ರಣವಾಗಿ ‘ಫ್ಯಾಮಿಲಿ ಮ್ಯಾಟರ್ಸ್’ ಅಪೂರ್ಣ. ಪಕ್ಕದ ಮನೆಗೆ ಬಿದ್ದ ಪೆಟ್ಟು ಇನ್ನೊಂದು ಅಲ್ಪಸಂಖ್ಯಾತ ಕುಟುಂಬವನ್ನು ಹೇಗೆ ತನ್ನೊಳಗೇ ಬೇಲಿ ಹಾಕಿಕೊಳ್ಳುವಂತೆ ಮಾಡುತ್ತದೆ ಎಂಬುದರ ನಿರೂಪಣೆಯಾಗಿ ಅದು ಗಟ್ಟಿಯಾದ ಕೃತಿ.